ಹಳದಿ ಚಾಕ್‌ಪೀಸಿನಲ್ಲಿ ಬರೆದ ಉತ್ತರ

ಈ ಸಂಜೆಯ ಅಧ್ಯಕ್ಷ ಸ್ಥಾನದಲ್ಲಿರುವ, ನಮ್ಮ ಶಾಲಾ ಮಂಡಳಿಯ ಹಿರಿಯರಾದ ಶ್ರೀ ಸತ್ಯನಾರಾಯಣ ಅವರೇ, ಪ್ರಶಸ್ತಿ ಫಲಕವನ್ನು ಕೈಯಲ್ಲೇ ಹಿಡಿದು ತಂದಿರುವ ಶಿಕ್ಷಕರ ವೇದಿಕೆಯ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಮಕ್ಕಳನ್ನು ಕರೆತಂದಿರುವ ಪೋಷಕರೇ, ಮುಖಕ್ಕೆ ಬಣ್ಣ ಬಳಿದುಕೊಂಡು ಈ ಹರಿದಾಸ ಮೇಷ್ಟ್ರ ಮಾತು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮಕ್ಕಳೇ, ಮತ್ತು ಆತ್ಮೀಯ ಸಭಿಕರೇ,

ನನಗೆ ಎಂಟು ನಿಮಿಷ ಕೊಟ್ಟಿದ್ದಾರೆ. ಬರೆದ ಭಾಷಣ ಜೇಬಿನಲ್ಲಿದೆ, ಅದನ್ನು ತೆಗೆಯುವುದಿಲ್ಲ. ಮೈಕಿನವರು ಆಗಲೇ ಕೈಸನ್ನೆ ಮಾಡುತ್ತಿದ್ದಾರೆ, ಅತ್ತಿತ್ತ ಅಲ್ಲಾಡಬೇಡಿ ಅಂತ. ಏನು ಮಾಡಲಿ, ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಮನೆಯಲ್ಲಿ ಎರಡು ಸಲ ಕಾಫಿ ಮಾಡಿಸಿಕೊಂಡು ಎರಡು ಸಲವೂ ಕುಡಿಯದೆ ಬಂದೆ.

ಪ್ರಶಸ್ತಿ ಯಾವುದಕ್ಕೆ? ಮಿದುಳಿಗೆ ಒಗ್ಗುವ ಬೋಧನೆಗೆ. ಹೆಸರು ದೊಡ್ಡದು, ವಿಷಯ ಸಣ್ಣದು. ಹೆದರಿದ ಮಗುವಿಗೆ ಪಾಠ ತಲೆಗೆ ಹತ್ತುವುದಿಲ್ಲ. ಒಂದೇ ಸಮನೆ ನಲವತ್ತು ನಿಮಿಷ ಕೇಳಿಸಿಕೊಂಡರೆ ಅರ್ಧ ಉಳಿಯುವುದಿಲ್ಲ, ನಡುವೆ ಎದ್ದು ಓಡಾಡಲು ಬಿಡಬೇಕು. ಮನೆಯಲ್ಲಿ ಕಂಡದ್ದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ಗಂಟು ಹಾಕಬೇಕು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಐದು ಎಣಿಸಬೇಕು. ಇದನ್ನೆಲ್ಲ ಚೆನ್ನೈನ ಎಷ್ಟೋ ಶಾಲೆಗಳಿಗೆ ಹೋಗಿ ಹೇಳಿದ್ದೇನೆ. ಐದು ಎಣಿಸಿ, ಐದು ಎಣಿಸಿ ಅಂತ ಹೇಳಿ ಹೇಳಿ ಗಂಟಲು ಕಟ್ಟಿದೆ.

ನಾನೇಕೆ ಈ ದಾರಿಗೆ ಬಂದೆ? ನಮ್ಮ ತಂದೆ ರೈಲ್ವೆಯಲ್ಲಿ ಗುಮಾಸ್ತರು, ಮನೆ ಕೋಡಂಬಾಕ್ಕಂ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಏಳರ ಮಗ್ಗಿ ತಪ್ಪಿದ್ದಕ್ಕೆ ನಮ್ಮ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಇಡೀ ತರಗತಿಯನ್ನು ನಗಿಸಿದರು. ಇವತ್ತಿಗೂ ಏಳೆಂಟಲ ಎಷ್ಟು ಅಂದರೆ ಬೆರಳು ಮಡಚಿ ಎಣಿಸುತ್ತೇನೆ. ಹಾಗಾಗಿ ನನ್ನ ತರಗತಿಯಲ್ಲಿ ಒಂದು ಪದ್ಧತಿ ಮಾಡಿದೆ. ಯಾರಾದರೂ ತಪ್ಪು ಉತ್ತರ ಹೇಳಿದರೆ ಅದನ್ನು ಬೋರ್ಡಿನ ಮೂಲೆಯಲ್ಲಿ ಹಳದಿ ಚಾಕ್‌ಪೀಸಿನಲ್ಲಿ ಬರೆಯುತ್ತೇನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಆ ತಪ್ಪು ಯಾಕೆ ಸರಿಯೆನಿಸಿತು ಎಂದು ಒಟ್ಟಿಗೆ ಯೋಚಿಸುತ್ತೇವೆ. ಒಳ್ಳೆಯ ಪದ್ಧತಿ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಬೆಂಚಿನ ಮೇಲೆ ನಿಂತ ಹುಡುಗನಿಗೆ ದೊಡ್ಡವನಾದ ಮೇಲೆ ಚಪ್ಪಾಳೆ ಸಾಕೆನಿಸುವುದೇ ಇಲ್ಲ. ಇದನ್ನು ಹೇಳಬೇಕೆಂದಿರಲಿಲ್ಲ, ಬಂದುಬಿಟ್ಟಿತು.

ನನ್ನ ಹಿಂದಿರುವ ಬ್ಯಾನರ್ ನೋಡಿ. ದೊಡ್ಡ ಫೋಟೋ. ನಾನು ನಗುತ್ತಿದ್ದೇನೆ, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದಾರೆ, ಬೋರ್ಡಿನ ಮುಂದೆ ಒಬ್ಬ ಹುಡುಗಿ ನಿಂತಿದ್ದಾಳೆ, ಬೆನ್ನು ಮಾತ್ರ ಕಾಣುತ್ತದೆ. ಆ ಹುಡುಗಿ ಐದು ವಾರದಿಂದ ನನ್ನ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೇ. ಜೂನ್‌ನಲ್ಲಿ ಅವಳನ್ನು ಬೇರೆ ಶಾಲೆಗೆ ಹಾಕಬೇಕೆಂದು ಮನೆಯವರು ಯೋಚಿಸುತ್ತಿದ್ದಾರೆ. ಅವಳು ಮತ್ತೆ ಮಾತಾಡುತ್ತಾಳೋ ಇಲ್ಲವೋ, ನಮ್ಮಲ್ಲಿ ಉಳಿಯುತ್ತಾಳೋ ಇಲ್ಲವೋ, ನನಗೆ ಈಗ ಇದೊಂದೇ ಚಿಂತೆ. ಆ ಫೋಟೋವನ್ನು ಬೆನ್ನ ಹಿಂದೆ ಇಟ್ಟುಕೊಂಡು ನಾನು ಬೇರೇನು ಮಾತಾಡಲಿ?

ಅವತ್ತು ನಲವತ್ತು ಜನ ಶಿಕ್ಷಕರು ನನ್ನ ಪಾಠ ನೋಡಲು ಬಂದಿದ್ದರು. ಗೋಡೆಯುದ್ದಕ್ಕೂ ಕುರ್ಚಿ, ಎಲ್ಲರ ಕೈಯಲ್ಲೂ ಫೋನು. ಎಲ್ಲರೂ ನೋಡಬೇಕೆಂದಿದ್ದು ನನ್ನ ಚಪ್ಪಾಳೆಯನ್ನು. ಆದರೆ ನಮ್ಮ ಮಕ್ಕಳು, ಏನು ಹೇಳಲಿ, ಹಿಂದಿನ ದಿನ ಕೂತು ಓದಿಕೊಂಡು ಬಂದಿದ್ದರು. ಅಭಿಲಾಷನನ್ನು ಕೇಳಿದೆ, ಸರಿ. ಸಮೀಕ್ಷಾಳನ್ನು ಕೇಳಿದೆ, ಸರಿ. ಅರ್ಧ ಗಂಟೆಯಾದರೂ ಒಬ್ಬರೂ ತಪ್ಪು ಮಾಡಲಿಲ್ಲ. ಮಕ್ಕಳು ಸರಿ ಉತ್ತರ ಹೇಳುತ್ತಿದ್ದರೆ ಬೇಸರ ಪಟ್ಟುಕೊಂಡ ಮೇಷ್ಟ್ರನ್ನು ನೀವು ಕಂಡಿದ್ದೀರಾ? ಇಲ್ಲೇ ನಿಂತಿದ್ದಾನೆ, ನೋಡಿ.

ಕೊನೆಗೆ ಆ ಹುಡುಗಿಯನ್ನು ಎಬ್ಬಿಸಿ ಬೋರ್ಡಿನ ಹತ್ತಿರ ಕರೆದೆ. ಮೆಲ್ಲಗೆ ಮಾತಾಡುವವಳು, ಆಗಷ್ಟೇ ಕೈ ಎತ್ತಲು ಕಲಿಯುತ್ತಿದ್ದವಳು. ಇವಳು ಖಂಡಿತ ತಪ್ಪುತ್ತಾಳೆ ಅಂತಲೇ ಎಬ್ಬಿಸಿದೆ. ಪ್ರಶ್ನೆಯನ್ನೂ ಹಾಗೇ ಆರಿಸಿದೆ. ಐಸ್ ಗಡ್ಡೆಗೆ ದಪ್ಪ ಗೋಣಿಚೀಲ ಸುತ್ತಿದರೆ ಅದು ಬೇಗ ಕರಗುತ್ತದೋ, ನಿಧಾನವಾಗಿ ಕರಗುತ್ತದೋ? ಮುಕ್ಕಾಲು ಪಾಲು ಮಕ್ಕಳು ಬೇಗ ಅನ್ನುತ್ತಾರೆ. ಹೊದ್ದುಕೊಂಡರೆ ನಮಗೆ ಬೆಚ್ಚಗಾಗುತ್ತದಲ್ಲ, ಐಸಿಗೂ ಹಾಗೇ ಅಂದುಕೊಳ್ಳುತ್ತಾರೆ.

ನಾನು ಐದು ಎಣಿಸಲಿಲ್ಲ. ಎರಡರವರೆಗೂ ಎಣಿಸಲಿಲ್ಲ. ಅವಳು ಬಾಯಿ ತೆರೆಯುವ ಮುಂಚೆಯೇ ತಿರುಗಿ ಹಳದಿ ಚಾಕ್‌ಪೀಸಿನಲ್ಲಿ 'ಬೇಗ' ಎಂದು ಬರೆದೆ. ಹಳದಿ ಕಂಡ ಕೂಡಲೇ ಮಕ್ಕಳು ಚಪ್ಪಾಳೆ ತಟ್ಟಿದರು, ಪಾಪ, ಅವರಿಗೆ ನಾನು ಕಲಿಸಿದ್ದೇ ಅದು. ಆ ಗದ್ದಲದಲ್ಲೇ ಅವಳು ನನ್ನ ಪಕ್ಕ ನಿಂತು ಹೇಳಿದಳು. "ನಿಧಾನ ಸಾರ್. ಕಾಸಿಮೇಡಲ್ಲಿ ಐಸ್ ಮೇಲೆ ಗೋಣಿ ಹಾಕಿರ್ತಾರೆ, ನಾನು ಪಾತ್ತಿದೀನಿ."

ನೋಡಿದ್ದೀನಿ ಅನ್ನುವುದಕ್ಕೆ ತಮಿಳು ಬೆರೆಸಿ ಪಾತ್ತಿದೀನಿ ಅಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳ ತಂದೆ ದೋಣಿಗಳ ವಿಮೆ ನೋಡುವವರು, ರಜೆಯ ದಿನ ಮಗಳನ್ನೂ ಕಾಸಿಮೇಡಿನ ಮೀನಿನ ಬಂದರಿಗೆ ಕರೆದುಕೊಂಡು ಹೋಗುತ್ತಾರೆ. ಕಣ್ಣಾರೆ ಕಂಡದ್ದನ್ನು ಪಾಠಕ್ಕೆ ಗಂಟು ಹಾಕಿದ್ದಳು. ನಾನು ಊರೂರಿಗೆ ಹೇಳಿಕೊಂಡು ಬಂದದ್ದು ಅದನ್ನೇ ಅಲ್ಲವೇ? ಆದರೆ ಫೋನುಗಳೆಲ್ಲ ಮೇಲೆದ್ದಿದ್ದವು. ಯಾರೋ ಒಬ್ಬರು, "ಆಹಾ, ತಪ್ಪಿಗೆ ಎಂಥ ಗೌರವ" ಅಂದರು. ನಾನು ನಕ್ಕೆ. ಅವಳ ಭುಜ ತಟ್ಟಿ, ಕೂತುಕೋ ಪುಟ್ಟಾ ಅಂದೆ. ನೀವು ನೋಡುತ್ತಿರುವ ಫೋಟೋ ಆ ಗಳಿಗೆಯದು.

ಮಾರನೇ ದಿನ ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟರಲ್ಲಿ ಪ್ರಶಸ್ತಿಯ ಪತ್ರ ಬಂತು. ಅಧ್ಯಕ್ಷರೇ, ನೀವು ಸಂಭ್ರಮದಿಂದ ಫೋನ್ ಮಾಡಿದಿರಿ. ಆಗ ನಿಮಗೆ ಏನಂತ ಹೇಳುತ್ತಿದ್ದೆ?

ಮೊನ್ನೆ ಭಾನುವಾರ ಪಲ್ಲಾವರಂನಲ್ಲಿರುವ ಅವರ ಮನೆಗೆ ಹೋದೆ. ಅವಳ ತಾಯಿ ಕುರ್ಚಿ ಹಾಕಿದರು, ನೀರು ಕೊಟ್ಟರು. "ಮನೇಲಿ ಬಾಯಿ ಮುಚ್ಚೋದೇ ಇಲ್ಲ ಸಾರ್, ಸ್ಕೂಲಲ್ಲಿ ಮಾತ್ರ ಹಿಂಗೆ. ನಾವು ಏನ್ ಮಾಡೋದು, ನೀವೇ ಹೇಳಿ" ಅಂದರು. ನಾನು ನಡೆದದ್ದನ್ನೆಲ್ಲ ಹೇಳಿ, ಶುಕ್ರವಾರದ ಸಭೆಯಲ್ಲಿ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ ಅಂದೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿ ಐದು ವಾರದಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದಳು, ತಮಿಳಿನಲ್ಲಿ. "ವೇಣಾಂ ಸಾರ್. ಎಲ್ಲಾರುಂ ಎನ್ನೈಯೇ ಪಾಪ್ಪಾಂಗ." ಬೇಡ ಸಾರ್, ಎಲ್ಲರೂ ನನ್ನನ್ನೇ ನೋಡ್ತಾರೆ. ಸಭೆಯಾದ ಮೇಲೆ ಬರುವ ಸೋಮವಾರ ತರಗತಿಯಲ್ಲಿ ಹೇಳಿ, ನಮ್ಮ ಇಪ್ಪತ್ತೆಂಟು ಜನಕ್ಕೆ ಮಾತ್ರ ಹೇಳಿ ಅಂದಳು. ಆಗಲಿ ಎಂದು ಮಾತು ಕೊಟ್ಟು ಬಂದೆ.

ಕೊಟ್ಟ ಮಾತು ಮೀರುತ್ತಿದ್ದೀರಲ್ಲ ಅಂತ ನೀವು ಕೇಳಬಹುದು. ಅವಳು ಈ ಸಭೆಯಲ್ಲೇ ಕೂತಿದ್ದರೂ ಹೆಸರು ಹೇಳದಿದ್ದರೆ ಮೀರಿದಂತಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದೆ. ಈ ಫಲಕವನ್ನು ಸುಮ್ಮನೆ ತೆಗೆದುಕೊಂಡು ಹೋದರೆ ನನಗೆ ಊಟ ಇಳಿಯುವುದಿಲ್ಲ. ನಲವತ್ತು ಜನರ ಎದುರು ಆದ ಅನ್ಯಾಯ, ನಾನೂರು ಜನರ ಎದುರು ಸರಿಯಾಗಲಿ ಎನಿಸಿತು. ಅವಳು ಸರಿಯಾಗಿಯೇ ಹೇಳಿದ್ದಳು, ಕಣ್ಣಾರೆ ಕಂಡದ್ದನ್ನು ಹೇಳಿದ್ದಳು, ತಪ್ಪೆಲ್ಲ ನನ್ನದು, ಚಿನ್ಮಯಿಯದು ಏನೂ ಇರಲಿಲ್ಲ, ಇದನ್ನು ನಾನು ಅವತ್ತೇ...

ಹೆಸರು ಹೇಳಿಬಿಟ್ಟೆ.

ದಯವಿಟ್ಟು ತಿರುಗಬೇಡಿ. ಮುಂದಿನ ಸಾಲಿನವರೇ, ತಿರುಗಬೇಡಿ. ಫೋಟೋ ತೆಗೆಯುವವರೇ, ಆ ಕಡೆ ಹೋಗಬೇಡಿ, ಇಲ್ಲೇ ಇರಿ. ಯಾರೂ ಎದ್ದು ನಿಂತು ನೋಡಬೇಡಿ. ನಾನಿನ್ನೂ ಮುಗಿಸಿಲ್ಲ. ವಂದನೆ ಹೇಳುವುದಿದೆ, ಎಲ್ಲರೂ ನನ್ನ ಕಡೆ ನೋಡಿ. ಹೊರಗೆ ಹೋಗಬೇಕೆನಿಸಿದವರು ನಿಧಾನವಾಗಿ ಹೋಗಲಿ, ಅವಸರವಿಲ್ಲ.

ಮಂಡಳಿಯ ಎಲ್ಲ ಸದಸ್ಯರಿಗೆ ಧನ್ಯವಾದ. ಅಧ್ಯಕ್ಷರಿಗೆ ಧನ್ಯವಾದ. ಅತಿಥಿಗಳೇ, ನಿಮಗೂ ಧನ್ಯವಾದ, ಈ ಫಲಕ ಇಲ್ಲೇ ಮೇಜಿನ ಮೇಲಿರಲಿ. ಸ್ವಾಮಿ, ಇಲ್ಲಿ ನೋಡಿ, ಇಲ್ಲಿ. ಮೈಕಿನವರಿಗೆ ಧನ್ಯವಾದ. ಕುರ್ಚಿ ಹಾಕಿದವರಿಗೆ, ಬೆಳಿಗ್ಗೆಯಿಂದ ಸಭಾಂಗಣ ಗುಡಿಸಿದ ಅಮ್ಮಂದಿರಿಗೆ, ಹೂವು ತಂದವರಿಗೆ, ಅಡುಗೆಯವರಿಗೆ, ಗೇಟಿನ ಹತ್ತಿರ ನಿಂತಿರುವವರಿಗೆ ಧನ್ಯವಾದ. ಅಮ್ಮಾ, ನೀವೂ ಈ ಕಡೆ. ದೀಪ ಹಚ್ಚಿದವರಿಗೆ, ಪ್ರಾರ್ಥನೆ ಹಾಡಿದ ಮಕ್ಕಳಿಗೆ, ಅವರಿಗೆ ಕಲಿಸಿದವರಿಗೆ ಧನ್ಯವಾದ. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ.

ಹಿಂದಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಇನ್ನು ನೀವು ಎಲ್ಲಿ ಬೇಕಾದರೂ ನೋಡಬಹುದು. ನಮಸ್ಕಾರ.