ಒಪ್ಪತ್ತಿನ ಮಾತ್ರೆ

ಚಳ್ಳಕೆರೆಯ ಲ್ಯಾಬಿನೆದುರು ನನ್ನ ಮುಂದೆ ಮೊಳಕಾಲ್ಮೂರಿನ ಅಕ್ಕ, ತಮ್ಮ ನಿಂತಿದ್ದರು. ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಪರೀಕ್ಷೆಗೆ ಬಂದಿದ್ದ ಅಕ್ಕನನ್ನು ರಕ್ತ ತೆಗೆಯದೆ ವಾಪಸ್ ಕಳಿಸಿದ್ದರು.

“ರಕ್ತ ಕೊಟ್ಟ ಮ್ಯಾಲೆ ಮಾತ್ರೆ ನುಂಗು ಅಂತ ಡಾಕ್ಟ್ರು ಹೇಳಿರ್ಲಿಲ್ವೇನಕ್ಕ?”

“ಖಾಲಿ ಹೊಟ್ಟೇಲಿ ಬಾ ಅಂದ್ರು. ಬಂದಿದೀನಿ.”

“ಮಾತ್ರೆ ನುಂಗಿ ಬಂದಿದೀಯಲ್ಲ!”

“ಸೋಮವಾರ ಒಪ್ಪತ್ತಿದ್ದಾಗ್ಲೂ ನುಂಗ್ತೀನಿ. ಮಾತ್ರೆ ಏನು ಊಟವಾ?”

“ಎರಡು ತಾಸು ತಡ ಆಗಿದ್ರೆ ಸತ್ತೋಗ್ತಿದ್ಯಾ?”

“ಹೋದ ವರ್ಷ ಸಾಕು ಅಂತ ನನ್ ಮಾತ್ರೆ ನಿಲ್ಲಿಸಿದೋನು ಯಾರೋ? ಮೂರನೇ ದಿನ ನಾನು ಮಗ್ಗದ ಗುಂಡೀಲಿ ಎಚ್ಚರ ತಪ್ಪಿ ಬಿದ್ದಿದ್ದೆ. ಎತ್ತಿದ್ದು ಪಕ್ಕದ ಮನೆಯವ್ರು.”

ತಮ್ಮ ಕೈ ಚಾಚಿದ.

“ನಾಳೆ ಮೊದಲ್ನೇ ಬಸ್ಸಿಗೆ ಬರಾನ. ಮಾತ್ರೆ ನನ್ ಹತ್ರ ಇರ್ಲಿ, ರಕ್ತ ತೆಗೆದ ಮ್ಯಾಲೆ ಕೊಡ್ತೀನಿ.”

“ನಿನ್ ಕೈಗಾ?”

ಅಕ್ಕ ಮಾತ್ರೆ ಕಟ್ಟಿದ್ದ ಸೆರಗಿನ ಗಂಟನ್ನು ಇನ್ನಷ್ಟು ಬಿಗಿದು, ಬಸ್ ಸ್ಟ್ಯಾಂಡಿನತ್ತ ಒಬ್ಬಳೇ ನಡೆದಳು.