ಬಿಸಿಲು ಬೀಳದ ಸೀಟು

ಬಸ್ಸಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ಕೂತಿದ್ದರು. ಗಂಡ ಕಂಡಕ್ಟರಾಗಿ ನಿವೃತ್ತರಾದವರೆಂದು ಮಾತಿನಲ್ಲೇ ತಿಳಿಯಿತು. ಇಬ್ಬರೂ ಏಷ್ಯಾದ ಒಂದು ದ್ವೀಪ ದೇಶಕ್ಕೆ ಹೊರಟಿದ್ದರು.

“ಒಂದು ವಾರದಲ್ಲಿ ಇಡೀ ದೇಶ ಒಂದು ಸುತ್ತು,” ಎಂದರು ಗಂಡ. “ಪೂರ್ವದ ದಡದಲ್ಲಿ ಬೆಳಗಿನ ರೈಲು, ಪಶ್ಚಿಮದ ದಡದಲ್ಲಿ ಮಧ್ಯಾಹ್ನದ್ದು. ಸೀಟೆಲ್ಲ ಬುಕ್ ಮಾಡ್ಬಿಟ್ಟೆ.”

“ದೊಡ್ಡ ಘನಕಾರ್ಯ! ಯಾವ ಕಡೆ ಸೀಟು?”

“ಬಿಸಿಲು ಬೀಳದ ಕಡೆ. ಸರ್ವಿಸ್ ಪೂರ್ತಿ ಜನ ನನ್ನ ಕೇಳಿದ್ದೇ ಅದು. ನೀನು ಹೇಳ್ಕೊಡ್ಬೇಡ.”

“ಸಮುದ್ರ ಯಾವ ಕಡೆ ಬರುತ್ತೆ?”

ಗಂಡ ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಬರೆಯತೊಡಗಿದರು. ಬೆರಳು ಅರ್ಧಕ್ಕೇ ನಿಂತಿತು.

“ಬಿಸಿಲಿರೋ ಕಡೆ.”

“ನಮ್ಮ ಕಡೆ?”

“ಬೆಟ್ಟ. ಚೆನ್ನಾಗಿರುತ್ತಂತೆ.”

“ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ನಿಮ್ಮನ್ನ ಕಟ್ಕೊಂಡ ಮೇಲೆ ನಾನು ನೋಡಿದ್ದು ಡಿಪೋ ಗೋಡೆ ಒಂದೇ. ಸಮುದ್ರ ತೋರಿಸಿ ಅಂತ ಬಾಯ್ಬಿಟ್ಟು ಕೇಳ್ದೆ. ಸುತ್ತ ಸಮುದ್ರ ಇರೋ ದೇಶಕ್ಕೇ ಕರ್ಕೊಂಡು ಹೋಗಿ, ಅದಕ್ಕೆ ಬೆನ್ನು ಮಾಡಿ ಕೂರಿಸ್ತೀರಲ್ಲ!”

“ಬಿಸಿಲಿಗೆ ನಿನಗೆ ತಲೆನೋವು ಬರುತ್ತೆ ಅಂತ…”

“ಬಂದಾಯ್ತು. ನೆರಳಲ್ಲೇ ಬಂತು.”

ಮುಂದೆ, ಬಿಸಿಲು ರಾಚುತ್ತಿದ್ದ ಕಿಟಕಿಯ ಪಕ್ಕ ಒಂದು ಸೀಟು ಖಾಲಿಯಿತ್ತು. ಹೆಂಡತಿ ಚೀಲ ಎತ್ತಿಕೊಂಡು ಎದ್ದರು.

“ಎಲ್ಲಿಗೆ? ಅಲ್ಲಿ ಬಿಸಿಲು ಕಣೇ!”

“ಗೊತ್ತು. ನೀವು ಇಲ್ಲೇ ಇರಿ. ಬೆಟ್ಟ ಬಂದ್ರೆ ಕೂಗಿ ಹೇಳಿ.”