ಕೂಗಳತೆಯ ಆಸ್ಪತ್ರೆ

ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ, ಮಠಕ್ಕೆ ಬಂದ ತಾಯಂದಿರೇ, ತಮ್ಮಂದಿರೇ. ದುಡ್ಡಿತ್ತು, ಒಳ್ಳೆಯ ಮನಸ್ಸೂ ಇತ್ತು. ನಡೆಯುವ ಅಭ್ಯಾಸ ಮಾತ್ರ ಇರಲಿಲ್ಲ. ಅವನು ಹಳ್ಳದ ಆಚೆ ದಂಡೆಯಲ್ಲಿ ಆಸ್ಪತ್ರೆ ಕಟ್ಟಿಸಿ, ಡಾಕ್ಟರನ್ನೂ ಇಟ್ಟ. ಉದ್ಘಾಟನೆಯ ದಿನ ಈಚೆ ದಂಡೆಯಲ್ಲಿ ನಿಂತು "ಡಾಕ್ಟರ್ರ!" ಎಂದು ಕೂಗಿದ. ಆಚೆಯಿಂದ "ಓ!" ಎಂದು ಬಂತು. "ನೋಡ್ರಪಾ, ಕೂಗಿದ್ರ ಕೇಳಸ್ತೈತಿ, ಅಷ್ಟು ಹತ್ರ!" ಎಂದ. ಊರೆಲ್ಲ ಚಪ್ಪಾಳೆ ಹೊಡೆಯಿತು. ನಾವಾಗಿದ್ದರೂ ಹೊಡೆಯುತ್ತಿದ್ದೆವು, ಅಲ್ಲವೇ?

ನೀಲವ್ವ ಎಂಬ ಮುದುಕಿ ಒಬ್ಬಳು ಮಾತ್ರ ಹೊಡೆಯಲಿಲ್ಲ. "ನಮ್ಮ ಸೊಸಿಗೆ ಮಳಿಗಾಲದಾಗ ದಿನ ತುಂಬ್ತಾವ್ರೀ ಯಪ್ಪಾ. ಹಳ್ಳ ಬಂತಂದ್ರ ಆಕಿನ್ನ ಹೆಂಗ ದಾಟಸಲಿ? ಒಂದು ಕಾಲುಸೇತುವೆ ಹಾಕಸ್ರಿ" ಎಂದಳು.

"ಅಲ್ಲಬೇ, ಒಂದು ಕೂಗು ಹಾಕಿದ್ರ ಸಾಕು, ಇನ್ನೇನ ಬೇಕು ನಿನಗ?"

"ಕೂಗು ಹೋಗ್ತೈತ್ರಿ. ಬಸುರಿ ಹೋಗಬೇಕಲ್ಲ?"

ಸಾಹುಕಾರ ನಕ್ಕು ಕಾರು ಹತ್ತಿದ. ಪಾಪ, ಮುದುಕಿ ಪ್ರತಿ ಮೋಡ ನೋಡಿದಾಗಲೂ ಹೆದರುತ್ತಿದ್ದಳು.

ಮೊದಲ ಮಳೆಗೇ ಹಳ್ಳ ಯಾರೂ ದಾಟಲಾರದಂತೆ ಎದೆಮಟ್ಟ ಹರಿಯಿತು. ಆ ಮಧ್ಯಾಹ್ನ ಸಾಹುಕಾರ ಹೋಳಿಗೆ ಊಟ ಮುಗಿಸಿ, ತೂಗುಮಂಚದ ಮೇಲೆ ಕೂತು, ಒಂದು ದೊಡ್ಡ ಆಕಳಿಕೆ ತೆಗೆದ. ತೆಗೆದ ಬಾಯಿ ತೆಗೆದೇ ಉಳಿಯಿತು! ದವಡೆಯ ಕೀಲು ಜಾರಿತ್ತು. ನಗಬೇಡಿ, ನಿಮಗೂ ಆಕಳಿಕೆ ಬರುತ್ತಿದೆ, ನನಗೆ ಇಲ್ಲಿಂದ ಕಾಣುತ್ತದೆ.

ಮನೆಯವರು ದಂಡೆಗೆ ಓಡಿದರು. "ಡಾಕ್ಟರ್ರ, ಸಾಹುಕಾರ್ರ ಬಾಯಿ ಮುಚ್ಚವಲ್ದು!" ಡಾಕ್ಟರಿಗೆ ಚೆನ್ನಾಗಿ ಕೇಳಿಸಿತು. "ಹಂಗಾರ ಕರಕೊಂಡ ಬರ್ರಿ!" ಎಂದರು. ಎಲ್ಲಿಂದ ಕರೆದೊಯ್ಯುವುದು? ದೂರದ ರಸ್ತೆಯ ಸೇತುವೆ ಸುತ್ತಿ ಹೋಗಬೇಕು. ಕೆಸರಿನಲ್ಲಿ ಕಾರು ಹೂತಿತು. ಕೊನೆಗೆ ಟ್ರ್ಯಾಕ್ಟರ್ ಮೇಲೆ ಕೂರಿಸಿದರು. ಪ್ರತಿ ತಗ್ಗಿಗೂ ಸಾಹುಕಾರನ ಕಣ್ಣಲ್ಲಿ ನೀರು. ನೋವಿದೆ, ಅಯ್ಯೋ ಎನ್ನಲೂ ಬಾರದು. ದಾರಿಯುದ್ದಕ್ಕೂ ಹಳ್ಳದ ಆಚೆ ತನ್ನದೇ ಆಸ್ಪತ್ರೆ ಕಾಣುತ್ತಲೇ ಇತ್ತು.

ಡಾಕ್ಟರು ಎರಡು ಹೆಬ್ಬೆರಳು ಬಾಯೊಳಗಿಟ್ಟು ಒತ್ತಿದರು. ಟಕ್! ದವಡೆ ಕೂತಿತು. ಸಾಹುಕಾರನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ನೀಲವ್ವನ ಸೊಸಿಗೆ ಇನ್ನೂ ದಿನ ಅದಾವೇನು?"

ದಿನಗಳಿದ್ದವು. ಹಳ್ಳ ಇಳಿದ ಕೂಡಲೇ ಕಬ್ಬಿಣದ ಕಾಲುಸೇತುವೆ ಎದ್ದಿತು. ಮುಂದಿನ ದೊಡ್ಡ ಮಳೆಯಲ್ಲಿ ಆ ಹುಡುಗಿ ಅತ್ತೆಯ ಕೈಹಿಡಿದು ಅದರ ಮೇಲೆ ನಡೆದೇ ಹೋದಳು. ಆ ಸಂಜೆ ಆಚೆ ದಂಡೆಯಿಂದ ನೀಲವ್ವ ಕೂಗಿದಳು: "ಹೆಣ್ಣಕೂಸ್ರೀ ಸಾಹುಕಾರ್ರ! ಕೇಳಸ್ತೇನ್ರಿ?"

ಈಗ ನಮ್ಮ ಮಾತಿಗೆ ಬರೋಣ. ನಮ್ಮೂರಿನ ಆಸ್ಪತ್ರೆ ಹತ್ತಿರವೇ ಇದೆ ಎನ್ನುತ್ತೀರಿ. ಯಾರಿಗೆ ಹತ್ತಿರ? ಬೈಕಿಗೆ ಕಿಕ್ ಹೊಡೆಯುವ ನಿಮಗೋ, ಮಂಡಿ ಹಿಡಿದುಕೊಂಡು ಏಳುವ ಪಕ್ಕದ ಮನೆಯ ಅಜ್ಜಿಗೋ? ನಾಳೆ ಬೆಳಿಗ್ಗೆ ಅವಳ ಹೊಸ್ತಿಲಿನಿಂದ, ಅವಳ ಜೊತೆ, ಅವಳ ನಡಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ಎಲ್ಲಿ ಎಡವುತ್ತಾಳೋ, ಅಲ್ಲಿನ ತಗ್ಗು ಮುಚ್ಚಿ. ಎಲ್ಲಿ ದಣಿದು ನಿಲ್ಲುತ್ತಾಳೋ, ಅಲ್ಲೊಂದು ಕಲ್ಲುಬೆಂಚು ಹಾಕಿ. ಓಣಿಗೆ ಅಡ್ಡ ನಿಲ್ಲಿಸಿದ ಬೈಕು ನಿಮ್ಮದೇ ಆಗಿದ್ದರೆ ತೆಗೆಯಿರಿ. ಮಠಕ್ಕೆ ಬರುವುದು ತಡವಾದರೆ ಆಗಲಿ, ನಾನು ಕಾಯುತ್ತೇನೆ. ಅಜ್ಜಿ ಹೋಗಿ, ತೋರಿಸಿಕೊಂಡು, ತಿರುಗಿ ಮನೆಗೆ ಬಂದು "ಹತ್ರನ ಐತಿ ಬಿಡಪಾ" ಎನ್ನಲಿ. ಆಮೇಲೆ ನೀವೂ ಅನ್ನಿ.